ಅಪೂರ್ಣವನ್ನು ಕೊಡುವ ಧೈರ್ಯ



ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗಣಕಯಂತ್ರದ ಗೊಡವೆಯೇಕೆ ಎಂದು ತಾವು ಕೇಳಬಹುದು. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಮೊನ್ನೆ ಬಂದು, "ಮಾವ, ಪ್ರಾಜೆಕ್ಟಿಗೆ ನಾಲ್ವರಿದ್ದೇವೆ, ದುಡಿಯುವವಳು ನಾನೊಬ್ಬಳೇ" ಎಂದು ದೂರಿದಳು. ಉಳಿದವರಿಗೇಕೆ ಹಂಚಲಿಲ್ಲವೆಂದೆ. "ಇನ್ನೂ ತಪ್ಪುಗಳಿವೆ, ತೋರಿಸಲು ನಾಚಿಕೆ" ಎಂದಳು. ಆ ಮಾತು ನನ್ನ ಹಳೆಯ ಗಾಯವನ್ನು ಕೆದಕಿತು.

ಎಂ.ಎ. ಓದುವಾಗ ನಾವು ಮೂವರು ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಬೀಸುವ ಪದಗಳನ್ನು ಬರೆದುಕೊಂಡಿದ್ದೆವು. ಶುದ್ಧಪ್ರತಿಯ ಹೊಣೆ ನನ್ನದು. ಪಾಠ ಪರಿಪೂರ್ಣವಾಗುವವರೆಗೆ ಯಾರಿಗೂ ಕೊಡೆನೆಂದು ಹಸ್ತಪ್ರತಿಯನ್ನೆಲ್ಲ ಟ್ರಂಕಿನಲ್ಲಿಟ್ಟೆ. ಒಂದು ಮಳೆಗಾಲ ಮಾಡು ಸೋರಿತು, ಶಾಯಿ ಕರಗಿಹೋಯಿತು. ಹಾಡಿದ ಅಜ್ಜಿಯರೂ ಈಗಿಲ್ಲ. ಗೆಳೆಯರು ಬಯ್ಯಲಿಲ್ಲ, ಅದೇ ಹೆಚ್ಚು ನೋಯಿಸಿತು.

ಇದಕ್ಕೆ ಪ್ರತಿಯಾದ ನಿದರ್ಶನವೊಂದುಂಟು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ಗೆ 21 ವರ್ಷ. ಗಣಕದ ಸಮಸ್ತ ಕಾರ್ಯವನ್ನೂ ನಡೆಸುವ ತಂತ್ರಾಂಶವೊಂದನ್ನು ಆತ ತನ್ನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದ. ಆಗಸ್ಟ್ 25ರಂದು, ಇದು ಕೇವಲ ಹವ್ಯಾಸವೆಂದು ವಿನಯದಿಂದ ಹೇಳಿಕೊಂಡು, ಏನೇನು ಬೇಕೆಂದು ಇತರರನ್ನು ಕೇಳಿದ. ಸೆಪ್ಟೆಂಬರಿನಲ್ಲಿ ಅರೆಬೆಂದ 0.01 ಆವೃತ್ತಿಯನ್ನೇ ಹೊರಗಿಟ್ಟ. 1992ರಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಪರವಾನಗಿಯಡಿ ಅದನ್ನು ತಂದ. ಅಪರಿಚಿತರು ತಿದ್ದುಪಡಿ ಕಳುಹಿಸಿದರು. 1.0 ಆವೃತ್ತಿ ಬಂದದ್ದು 1994ರ ಮಾರ್ಚಿನಲ್ಲಿ. ಅದೇ ಲಿನಕ್ಸ್, ಇಂದು ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದೂ ಅದೇ.

ಹಾಗೆಂದು ಅದು ಹೇಳುವವರು ಕೇಳುವವರಿಲ್ಲದ ಸಂತೆಯಾಗಿರಲಿಲ್ಲ. ಬಂದುದರಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಕೊನೆಯ ತೀರ್ಮಾನವನ್ನು ಆತ ತನ್ನಲ್ಲೇ ಉಳಿಸಿಕೊಂಡ. ಕೆಲಸ ಹಂಚಿದ, ಹೊಣೆ ಹಂಚಲಿಲ್ಲ.

ಜನ ಹೆಚ್ಚಿದಷ್ಟೂ ಕೆಲಸ ಹಗುರವೆಂಬುದೂ ಭ್ರಮೆಯೇ. ತಡವಾದ ಕಾರ್ಯಕ್ಕೆ ಹೊಸಬರನ್ನು ಸೇರಿಸಿದರೆ ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಲೆಕ್ಕ ಸರಳ: ನಾಲ್ವರ ನಡುವೆ ಮಾತಿನ ಎಳೆಗಳು 6, ಎಂಟು ಮಂದಿಯಾದರೆ 28. ಆದ್ದರಿಂದ ಯಾರ ಪಾಲು ಯಾವುದು ಎಂಬುದನ್ನು ಮೊದಲ ದಿನವೇ ಬರೆದಿಡುವುದು ಲೇಸು.

ಇದನ್ನೆಲ್ಲ ಹೇಳಿ ಆ ಹುಡುಗಿಗೆ ನನ್ನ ಟ್ರಂಕಿನ ಕಥೆಯನ್ನೂ ಹೇಳಿದೆ. ಅಂದು ರಾತ್ರಿಯೇ ಅವಳು ತನ್ನ ಕೆಲಸವನ್ನು ಇದ್ದಂತೆಯೇ ಮೂವರಿಗೂ ಕಳುಹಿಸಿದಳು. ಅವಳು ಸೋಮಾರಿಯೆಂದು ಬಗೆದಿದ್ದ ಹುಡುಗನೊಬ್ಬ ಬೆಳಗಾಗುವಷ್ಟರಲ್ಲಿ ಮೂರು ದೋಷಗಳನ್ನು ಹಿಡಿದುಕೊಟ್ಟನಂತೆ. ಅದನ್ನು ಕೇಳಿ ನನಗೆ ಹರ್ಷವಾಯಿತು; ನನ್ನ ಆ ಇಬ್ಬರು ಗೆಳೆಯರ ನೆನಪೂ ಆಯಿತು.