ನಾಲ್ಕು ತಾಲ್ಲೂಕಿಗೆ ಒಂದು ಕೋಣೆ
(ದೊಡ್ಡಬಳ್ಳಾಪುರದಲ್ಲಿ ನಡೆದ ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆ ಬರೆದು ತುಂಬಿ ಎನ್ನುತ್ತಾರೆ. ನಮ್ಮಲ್ಲಿ ಅವು ಒಂದರೊಳಗೊಂದು ಸೇರಿಹೋಗಿವೆ.

ಪವರ್‌ಲೂಮಿನ ಸದ್ದಿನಲ್ಲಿ ಏಟಿನ ಸದ್ದು ಬೀದಿಗೆ ಕೇಳುವುದಿಲ್ಲ. ಆದರೆ ಮಗ್ಗದ ಮನೆಗಳಲ್ಲಿ ದುಡಿಯುವ ಹೆಂಗಸರೇ ನಮ್ಮ ಸದಸ್ಯರು. ಸುದ್ದಿ ಪೊಲೀಸರಿಗಿಂತ ಮೊದಲು ನಮಗೆ ಮುಟ್ಟುತ್ತದೆ. ಇದು ಬಲ. ರಾತ್ರಿ ಹೊರಬಿದ್ದವಳನ್ನು ಮಲಗಿಸಲು ಮಾತ್ರ ನಮ್ಮಲ್ಲಿ ಜಾಗವಿಲ್ಲ. ಬೆಳಗಾದರೆ ಅವಳು ಮತ್ತೆ ಅದೇ ಮನೆಗೆ.

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಲ ಭೂಮಿಗೆ ಬೆಲೆ ಬಂತು. ಗಂಡನ ಕಡೆಯವರು ಸೈಟು ಕೇಳುತ್ತಾರೆ. ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎಂಬ ಮಾತು ಬೇರೆ! 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಪಾಲು ಕೈಯಲ್ಲಿದ್ದರೆ ಏಟು ತಿಂದು ಉಳಿಯುವ ಗತಿ ಯಾಕೆ? ಸಹಿ ಹಾಕುವ ಮುಂಚೆ ಸಂಘಕ್ಕೆ ಬನ್ನಿ ಎಂದು ಊರೂರಲ್ಲಿ ಹೇಳಬೇಕು.

ಇನ್ನು ಹಣ. 2020ರ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ದೇಣಿಗೆಯನ್ನು ಸಣ್ಣ ಸಂಘಗಳಿಗೆ ದಾಟಿಸುವಂತಿಲ್ಲ. ಸದಸ್ಯರ ಚಂದಾದಿಂದ ನಾವು ಉಳಿದಿದ್ದೇವೆ, ಆದರೆ ಅದರಲ್ಲಿ ಆಶ್ರಯ ಮನೆ ನಡೆಸಲಾಗದು. ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಅಕ್ಕಂದಿರು ಕೈ ಸೇರಿಸಿದರೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದೇ? ಊಟಕ್ಕೆ ಏಳುವ ಮುಂಚೆ ಇದಿಷ್ಟನ್ನು ತೀರ್ಮಾನಿಸೋಣ.