ಬೈಕಿನ ವಿಮೆ: ಯಾರಿಗೆ ಎಷ್ಟು ಬೇಕು?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಗದ್ದೆ ಕೆಲಸ ಬಿಟ್ಟರೆ ಸಂಘದ ಸಾಲದ ಅರ್ಜಿ ನೋಡೂದು, ಇಷ್ಟೇ ನನ್ನ ವಿದ್ಯೆ. ಆದರೆ ಸಾಲದ ಅರ್ಜಿ ನೋಡುವಾಗ ಬೈಕಿನ ಕಾಗದಪತ್ರವನ್ನೂ ನೋಡಬೇಕಾಗ್ತದೆ. ಹಾಗೆ ನೋಡಿ ನೋಡಿ ತಿಳಿದುಕೊಂಡ ನಾಲ್ಕು ಮಾತನ್ನು ಈ ದಿವಸ ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ.

ಸಂಘ ಶುರುವಾದಾಗ ನಮ್ಮ ಅಮದಳ್ಳಿಯಲ್ಲಿ ಸೈಕಲ್ಲೇ ಹೆಚ್ಚು. ಈಗ ಬೈಕ್ ಇಲ್ಲದ ಮನೆ ಹುಡುಕಬೇಕು. ಕಾರವಾರಕ್ಕೆ ಹೋದರೂ ಬೈಕ್, ಅಂಕೋಲೆ ಸಂತೆಗೂ ಬೈಕ್, ಗೋವೆಗೆ ಕೆಲಸಕ್ಕೂ ಬೈಕ್. ಅದೂ ಹಳಬರು ಇನ್ನೂ ಹದಿನೇಳು ಎಂದೇ ಕರೆಯುವ 66ನೇ ನಂಬರಿನ ಹೆದ್ದಾರಿಯ ಮೇಲೆ, ಟ್ಯಾಂಕರ್ ಲಾರಿಗಳ ಸಂಗಡ. ಹೀಗಿರುವಾಗ ವಿಮೆ ಎಂಥದು ಮಾಡಿಸಿದ್ದೀರಿ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಹೇಳುವ ಉತ್ತರ ಒಂದೇ: "ಇನ್ಶೂರೆನ್ಸ್ ಉಂಟು ಮಾರಾಯ್ರೆ, ಪೊಲೀಸರು ಹಿಡಿದರೆ ತೋರಿಸಲಿಕ್ಕೆ."

ಪೊಲೀಸರಿಗೆ ತೋರಿಸಲಿಕ್ಕೆ ಸಾಕಾಗುವ ವಿಮೆ ಬೇರೆ, ಮನೆಗೆ ಸಾಕಾಗುವ ವಿಮೆ ಬೇರೆ. ನನ್ನ ಮಾತೆಲ್ಲ ಇದರ ಮೇಲೆಯೇ.

1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲ ಸಲ 2000 ರೂಪಾಯಿ ದಂಡ, ಎರಡನೇ ಸಲ 4000, ಮೂರು ತಿಂಗಳ ತನಕ ಜೈಲೂ ಆಗಬಹುದು. 2019ರ ಸಪ್ಟೆಂಬರ್ 1ರಿಂದ ಈ ದಂಡ ಬಂದಿದೆ. ಥರ್ಡ್ ಪಾರ್ಟಿ ಅಂದರೆ ಮೂರನೆಯವನು. ನಾನು ಒಬ್ಬ, ಕಂಪನಿ ಒಬ್ಬ, ನನ್ನ ಗಾಡಿ ತಾಗಿ ಪೆಟ್ಟಾದ ದಾರಿಹೋಕ ಮೂರನೆಯವ. ಅವನಿಗೆ ಕೊಡಬೇಕಾದ ಪರಿಹಾರವನ್ನು ನನ್ನ ಪರವಾಗಿ ಕಂಪನಿ ಕೊಡ್ತದೆ. ಜೀವಹಾನಿಯಾದರೆ ಆ ಪರಿಹಾರಕ್ಕೆ ಮಿತಿ ಇಲ್ಲ, ಕೋರ್ಟು ಹೇಳಿದಷ್ಟು. ನೀವು ಗದ್ದೆ ಮಾರಿ ಕೊಡಬೇಕಾಗಿದ್ದನ್ನು ಕಂಪನಿ ಕೊಡ್ತದೆ ಅಂದರೆ ಅದು ಸಣ್ಣ ಉಪಕಾರ ಅಲ್ಲ. ಇದರ ದರ ಸರಕಾರವೇ ಗೊತ್ತು ಮಾಡೂದರಿಂದ ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಬಂದ ದರದಲ್ಲಿ 75 ಸಿಸಿ ದಾಟಿ 150 ಸಿಸಿ ತನಕದ ಬೈಕಿಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350 ಸಿಸಿ ತನಕ 1366 ರೂಪಾಯಿ. ತೆರಿಗೆ ಬೇರೆ.

ಸರಿ, ಮೂರನೆಯವನಿಗೆ ಆಯಿತು. ನನಗೆ? ನನ್ನ ಬೈಕಿಗೆ? ನನ್ನ ಹಿಂದೆ ಕೂತ ಹೆಂಡತಿಗೆ? ಈ ಮೂರಕ್ಕೂ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಉತ್ತರ ಇಲ್ಲ.

ಮೊದಲು ಓಡಿಸುವವನ ವಿಷಯ. ನಮ್ಮ ಕರ್ನಾಟಕದ್ದೇ ಒಂದು ಕೇಸು ಉಂಟು. ಇಳಕಲ್ಲಿನಿಂದ ತನ್ನ ಊರು ಗುಡೂರಿಗೆ ಹೋಗಲಿಕ್ಕೆ ಒಬ್ಬರು ಇನ್ನೊಬ್ಬರ ಹೀರೋ ಹೋಂಡಾ ಕೇಳಿ ತಕ್ಕೊಂಡರು. ಮುಂದೆ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಫಕ್ಕನೆ ನಿಂತಿತು. ಬೈಕ್ ಅದಕ್ಕೆ ಹೊಡೆಯಿತು, ಆ ಮನುಷ್ಯ ತೀರಿಕೊಂಡರು. ಮನೆಯವರು ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 2009ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಗಾಡಿ ಎರವಲು ತಕ್ಕೊಂಡು ಓಡಿಸಿದವನು ಮಾಲಿಕನ ಜಾಗದಲ್ಲಿ ನಿಂತ ಹಾಗೆ, ಮಾಲಿಕನಿಗೆ ಅವನದೇ ಗಾಡಿಯ ವಿಮೆಯಿಂದ 163-ಎ ಕಲಮಿನ ಪರಿಹಾರ ಕೇಳಲಿಕ್ಕೆ ಬರುವುದಿಲ್ಲ. ಬೇರೆ ಕಲಮಿನಲ್ಲಿ ಏನಾದರೂ ಆಗ್ತದೋ ನೋಡಿ ಎಂದು ಹೈಕೋರ್ಟಿಗೆ ತಿರುಗಿ ಕಳಿಸಿದರು. ಎಣಿಸಿ ನೋಡಿ, ನಮ್ಮೂರಲ್ಲಿ ದಿನಾ ಎಷ್ಟು ಸಲ "ತಮಾ, ನಿನ್ನ ಗಾಡಿ ಚಾವಿ ಕೊಡು, ಹೀಗೆ ಹೋಗಿ ಹಾಗೆ ಬಂದೆ" ಎನ್ನುತ್ತೇವೆ!

ಇನ್ನೊಂದು ಅರಸೀಕೆರೆ ಕಡೆಯದು. ಅದು ಕಾರಿನದು, ಆದರೆ ಕಾನೂನು ಬೈಕಿಗೂ ಅದೇ. 2014ರಲ್ಲಿ ಕಾರು ಪಲ್ಟಿಯಾಗಿ ಓಡಿಸುತ್ತಿದ್ದವರೇ ತೀರಿಕೊಂಡರು. ತಪ್ಪು ಅವರದೇ, ವೇಗ ಅವರದೇ ಎಂದು ತನಿಖೆಯಲ್ಲಿ ಬಂದಿತ್ತು. 80 ಲಕ್ಷ ಪರಿಹಾರ ಕೇಳಿದ ಮನೆಯವರಿಗೆ ಹೈಕೋರ್ಟೂ ಕೊಡಲಿಲ್ಲ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟೂ ಕೊಡಲಿಲ್ಲ. ತನ್ನ ತಪ್ಪಿಗೆ ತಾನೇ ಪರಿಹಾರ ಪಡೆಯುವ ಹಾಗಿಲ್ಲ ಎಂಬುದೇ ಕಾರಣ.

ಹಾಗಾದರೆ ಓಡಿಸುವವನ ಮನೆಗೆ ಆಧಾರ ಯಾವುದು? ಅದಕ್ಕೇ ಪಿಎ ಎಂಬ ಎರಡಕ್ಷರ. ಮಾಲಿಕ ಚಾಲಕನ ವೈಯಕ್ತಿಕ ಅಪಘಾತ ವಿಮೆ. 2018ರಿಂದ ಇದರ ಮೊತ್ತ 15 ಲಕ್ಷ. ಅದಕ್ಕಿಂತ ಮೊದಲು ಬೈಕಿಗೆ ಒಂದೇ ಲಕ್ಷ ಇತ್ತು. ಸತ್ತರೆ ಪೂರ್ತಿ 15 ಲಕ್ಷ, ಎರಡು ಕೈಕಾಲು ಅಥವಾ ಎರಡು ಕಣ್ಣು ಹೋದರೂ ಪೂರ್ತಿ, ಒಂದು ಹೋದರೆ ಅರ್ಧ. ತಪ್ಪು ಯಾರದು ಎಂಬ ಲೆಕ್ಕ ಇಲ್ಲಿಲ್ಲ, ಕುಡಿದು ಓಡಿಸಿರಬಾರದು ಅಷ್ಟೇ. ವರ್ಷಕ್ಕೆ ಕೆಲವು ನೂರು ರೂಪಾಯಿಯ ಬಾಬತ್ತು. ಆದರೆ "ಅದು ಬೇಡ, ತೆಗೆದುಬಿಡಿ, ಕಡಿಮೆ ಆಗ್ತದೆ" ಎಂದು ನಮ್ಮವರು ತೆಗೆಸೂದೂ ಅದನ್ನೇ! ಇದು ನನಗೆ ಅರ್ಥವಾಗದ ಉಳಿತಾಯ. ಅಷ್ಟು ಹಣ ಒಂದು ಗಣೇಶ ಚೌತಿಯ ಪಟಾಕಿಗೆ ಸಾಲುವುದಿಲ್ಲ.

ಪಿಎಗೆ ಎರಡು ಷರತ್ತು ಉಂಟು, ಇದನ್ನು ತಾಯಂದಿರು ಸಹ ಕಿವಿಗೊಟ್ಟು ಕೇಳಬೇಕು. ಒಂದು, ಓಡಿಸುವವನ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು. ಇನ್ನೊಂದು, ಆರ್‌ಸಿ ಯಾರ ಹೆಸರಿನಲ್ಲಿ ಉಂಟೋ ಅವರಿಗೆ ಮಾತ್ರ ಈ ಹಣ. ಅಪ್ಪನ ಹೆಸರಿನಲ್ಲಿ ಗಾಡಿ, ಓಡಿಸೂದು ಮಗ. ಮಗನಿಗೆ ಆದರೆ 15 ಲಕ್ಷ ಇಲ್ಲ. ಮಗನೇ ದಿನಾ ಓಡಿಸುವುದಾದರೆ ಆರ್‌ಸಿ ಅವನ ಹೆಸರಿಗೆ ಮಾಡಿಸಿ, ಇಲ್ಲವೇ ಅವನಿಗೆ ಬೇರೆ ಅಪಘಾತ ವಿಮೆ ಮಾಡಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬೀಮಾ ಯೋಜನೆ ಉಂಟಲ್ಲ, 2 ಲಕ್ಷದ್ದು, ಅದೂ ಇರಲಿ. ಆದರೆ 2 ಲಕ್ಷಕ್ಕೂ 15 ಲಕ್ಷಕ್ಕೂ ಇರುವ ಅಂತರ ನಿಮಗೇ ಗೊತ್ತು.

ತೀರಿಕೊಂಡ ಅಪ್ಪನ ಹೆಸರಿನಲ್ಲೇ ವರ್ಷಗಟ್ಟಲೆ ಓಡುವ ಗಾಡಿಗಳೂ ನಮ್ಮಲ್ಲಿ ಉಂಟು. ಮಾಲಿಕ ಸತ್ತ ಮೇಲೆ ಹಳೇ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯ ತನಕ ಮಾತ್ರ ವಾರಸುದಾರರಿಗೆ ನಡೀತದೆ. ಸಂಬಂಧಪಟ್ಟವರು ಮರಣ ದಾಖಲೆ ಹಿಡಿದುಕೊಂಡು ಕಾರವಾರ ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ಇದೇ ಮಾತು, ಗೋವೆಯ ಜಿಎ ನಂಬರಿನ ಗಾಡಿ ತಂದವರಿಗೆ ಇನ್ನೂ ಹೆಚ್ಚಾಗಿ. ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸಬನಿಗೆ ಬರ್ತದೆ, ಆದರೆ ಗಾಡಿಯ ಡ್ಯಾಮೇಜಿನ ವಿಮೆ ಬರುವುದಿಲ್ಲ. 14 ದಿವಸದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು.

ಈಗ ಹಿಂದಿನ ಸೀಟಿನ ಮಾತು. ನಾನು ಇದನ್ನು ಎಲ್ಲದಕ್ಕಿಂತ ದೊಡ್ಡದು ಎಂದು ತಿಳಿದಿದ್ದೇನೆ. ಬೇರೆ ಗಾಡಿಯವನು ಬಂದು ಹೊಡೆದರೆ ಹಿಂದೆ ಕೂತವರಿಗೆ ಆ ಗಾಡಿಯ ವಿಮೆಯಿಂದ ಪರಿಹಾರ ಸಿಗ್ತದೆ. ಆದರೆ ನಮ್ಮ ಬೈಕೇ ಜಾರಿ ಬಿದ್ದರೆ? ದನ ಅಡ್ಡ ಬಂದು ಓಡಿಸುವವನ ಕೈ ತಪ್ಪಿದರೆ? ಮಳೆಗಾಲದಲ್ಲಿ ಇಂಥದೇ ಹೆಚ್ಚು. 2006ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ: ಬರೀ ಕಾಯಿದೆಯ ಮಟ್ಟಿಗೆ ಮಾಡಿಸಿದ ಪಾಲಿಸಿಯಲ್ಲಿ ಬಾಡಿಗೆ ಕೊಡದೆ ಹಿಂದೆ ಕೂತವರು ಸೇರುವುದಿಲ್ಲ. ಅದೇ ಪ್ಯಾಕೇಜ್ ಅಂದರೆ ಫುಲ್ ಇನ್ಶೂರೆನ್ಸ್ ಪಾಲಿಸಿ ಇದ್ದರೆ ಹಿಂದಿನ ಸವಾರರೂ ಸೇರುತ್ತಾರೆ. 2009ರ ನವೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಹೀಗೆಂದು ಸುತ್ತೋಲೆ ಕಳಿಸಿತು, 2012ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಅಂದರೆ ಬೆಳಿಗ್ಗೆ ಅಕ್ಕೋರನ್ನು ಶಾಲೆಗೆ ಬಿಡುವವರು, ಹೆಂಡತಿಯನ್ನು ಕಾಯಿಪಲ್ಲೆ ಬುಟ್ಟಿ ಸಮೇತ ಸಂತೆಗೆ ಒಯ್ಯುವವರು, ಮುದುಕಿ ತಾಯಿಯನ್ನು ಆಸ್ಪತ್ರೆಗೆ ಕೂರಿಸಿಕೊಂಡು ಹೋಗುವವರು, ಇವರಿಗೆಲ್ಲ ಬರೀ ಥರ್ಡ್ ಪಾರ್ಟಿ ಸಾಲದು. "ಗಾಡಿ ಹಳೇದಾಯಿತು, ಇನ್ನು ಫುಲ್ ಯಾಕೆ" ಎಂದು ಏಜೆಂಟರೂ ಹೇಳ್ತಾರೆ. ಹಳೇದಾದದ್ದು ಗಾಡಿ ಮಾತ್ರ.

ಇಲ್ಲಿ ಹೊಸ ಗಾಡಿಯವರಿಗೊಂದು ಎಚ್ಚರಿಕೆ. ಸುಪ್ರೀಂ ಕೋರ್ಟಿನ ಆದೇಶದಿಂದ 2018ರ ಸಪ್ಟೆಂಬರ್ 1ರ ನಂತರ ಹೊಸ ಬೈಕ್ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ಒಮ್ಮೆಗೇ ಕಟ್ಟಬೇಕು. ಹೀಗಾಗಿ ಹುಡುಗರು "ನಂದು ಐದು ವರ್ಷ ಇನ್ಶೂರೆನ್ಸ್ ಉಂಟು" ಎಂದು ನಿಶ್ಚಿಂತೆಯಲ್ಲಿರುತ್ತಾರೆ. ಐದು ವರ್ಷ ಇರೂದು ಥರ್ಡ್ ಪಾರ್ಟಿ. ಗಾಡಿಯ ಡ್ಯಾಮೇಜಿನ ಭಾಗ, ಹಲವರದು ಪಿಎ ಸಹ, ಒಂದೇ ವರ್ಷದ್ದು. ಎರಡನೇ ವರ್ಷ ಕಟ್ಟದಿದ್ದರೆ ಬೈಕ್ ಕಳುವಾದರೂ ಇಲ್ಲ, ಕೊಚ್ಚಿಹೋದರೂ ಇಲ್ಲ, ಹಿಂದೆ ಕೂತವರ ವಿಷಯದಲ್ಲೂ ತಕರಾರು ಏಳುವುದು ಆಗಲೇ. ಸಂಘದಲ್ಲಿ ಸಾಲ ಮಾಡಿ ಬೈಕ್ ತಕ್ಕೊಂಡವರಂತೂ ಸಾಲ ತೀರುವ ತನಕ ಫುಲ್ ಬಿಡಲೇಬಾರದು. ಗಾಡಿ ಹೋದರೂ ಕಂತು ಹೋಗುವುದಿಲ್ಲವಲ್ಲ.

ಕೊಚ್ಚಿಹೋಗೂದು ಅಂದೆ. ಅದು ನಮ್ಮ ಸೀಮೆಯಲ್ಲಿ ಬರೀ ಮಾತಲ್ಲ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದನ್ನು ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜೀವಗಳೂ ಹೋದವು, ಲಾರಿ ಟ್ಯಾಂಕರ್ ಹೊಳೆ ಪಾಲಾದವು. ನೆರೆ, ಗುಡ್ಡ ಕುಸಿತ, ಬಿರುಗಾಳಿ, ಸಿಡಿಲು, ಬೆಂಕಿ, ಕಳವು ಇವೆಲ್ಲ ಫುಲ್ ವಿಮೆಯಲ್ಲಿ ಬರ್ತವೆ. ಆದರೆ ನೀರಲ್ಲಿ ಮುಳುಗಿದ ಬೈಕನ್ನು ಎತ್ತಿದ ಕೂಡಲೇ ಕಿಕ್ ಹೊಡೆಯಬೇಡಿ. ಇಂಜಿನ್ನಿಗೆ ನೀರು ಹೊಕ್ಕು, ಸ್ಟಾರ್ಟ್ ಮಾಡಿದ್ದರಿಂದ ಕೆಟ್ಟರೆ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಭಾಗ ಇಲ್ಲದವರಿಗೆ ಹಣ ಕೊಡುವುದಿಲ್ಲ. ತಳ್ಳಿಕೊಂಡು ಗ್ಯಾರೇಜಿಗೆ ಒಯ್ಯಿರಿ, ಫೋಟೋ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ. ಉಪ್ಪುಗಾಳಿಗೆ ತುಕ್ಕು ಹಿಡಿದದ್ದಕ್ಕಂತೂ ಯಾವ ಕಂಪನಿಯೂ ಕೊಡುವುದಿಲ್ಲ, ಅದಕ್ಕೆ ಕಡಲನ್ನೇ ಬೈಯ್ಯಬೇಕು.

ಫುಲ್ ಅಂದರೂ ಪೂರ್ತಿ ಬಿಲ್ಲು ಸಿಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗೆ ಅರ್ಧ ಸವಕಳಿ ಕಳೆಯುತ್ತಾರೆ. ಲೋಹದ ಭಾಗಕ್ಕೆ ವಯಸ್ಸಿನ ಮೇಲೆ ಲೆಕ್ಕ, ನಾಲ್ಕು ದಾಟಿ ಐದು ವರ್ಷದೊಳಗಿನದಕ್ಕೆ ನೂರಕ್ಕೆ 35. ಒಂದು ಲೆಕ್ಕ ಹಾಕೋಣ. ಅಂಥ ಬೈಕಿಗೆ 12,000 ರೂಪಾಯಿ ಬಿಲ್ಲಾಯಿತು. ಪ್ಲಾಸ್ಟಿಕ್ 6000, ಲೋಹ 4000, ಮಜೂರಿ 2000. ಸಿಗೂದು 3000, 2600, 2000, ಒಟ್ಟು 7600. ಉಳಿದ 4400 ನಿಮ್ಮ ಕಿಸೆಯಿಂದ. ಈ ಸವಕಳಿ ಬೇಡ ಎನ್ನುವವರಿಗೆ ಜೀರೋ ಡೆಪ್ ಎಂದು ಮಾರುತ್ತಾರೆ. ಈಗಿನ ಹೊಸ ಗಾಡಿಗೆ ಮೈತುಂಬ ಪ್ಲಾಸ್ಟಿಕ್ಕೇ, ಹಾಗಾಗಿ ಮೊದಲ ಎರಡು ಮೂರು ವರ್ಷ ಅದು ಒಳ್ಳೆಯದು. ಆಮೇಲೆ ನನ್ನ ಅಭಿಪ್ರಾಯದಲ್ಲಿ ದಂಡ.

ಐಡಿವಿ ಎಂಬುದು ಗಾಡಿ ಪೂರ್ತಿ ಹೋದರೆ ಕೊಡುವ ಬೆಲೆ. 90,000ದ ಬೈಕಿಗೆ ಎರಡು ದಾಟಿ ಮೂರು ವರ್ಷದೊಳಗೆ 63,000, ನಾಲ್ಕು ದಾಟಿ ಐದರೊಳಗೆ 45,000. ಐದರ ನಂತರ ಕಂಪನಿ ಮತ್ತು ನೀವು ಒಪ್ಪಿದಷ್ಟು. ಕಂತು ಕಡಿಮೆ ತೋರಿಸಲಿಕ್ಕೆ ಕೆಲವರು ಐಡಿವಿ ಇಳಿಸಿ ಕೊಡುತ್ತಾರೆ, ಆ ಅಂಕಿ ನೋಡದೆ ಸಹಿ ಹಾಕಬೇಡಿ. ಕ್ಲೇಮ್ ಮಾಡದ ವರ್ಷಕ್ಕೆ ರಿಯಾಯಿತಿ ಉಂಟು, ಮೊದಲ ವರ್ಷ ನೂರಕ್ಕೆ 20, ಐದು ವರ್ಷ ಸತತ ಇದ್ದರೆ 50. ಒಂದು ಕನ್ನಡಿ, ಒಂದು ಇಂಡಿಕೇಟರ್ ಒಡೆದದ್ದಕ್ಕೆ ಕ್ಲೇಮ್ ಹಾಕಿ ಇದನ್ನು ಕಳೆದುಕೊಳ್ಳಬೇಡಿ. ಅವಧಿ ಮುಗಿದು 90 ದಿವಸ ದಾಟಿದರೂ ಇದು ಹೋಗ್ತದೆ.

ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಮೀನು ಮಾರುವ ನಮ್ಮ ಹುಡುಗರಿಗೆ ಒಂದು ಮಾತು. ಖಾಸಗಿ ಬೈಕಿನ ಪಾಲಿಸಿಯಲ್ಲಿ ಬಾಡಿಗೆಗೂ, ಮಾಲು ಸಾಗಿಸಲಿಕ್ಕೂ ಬಳಸಬಾರದು ಎಂದು ಬರೆದಿರ್ತದೆ. ನೀವು ಮಾಡುವ ಉದ್ಯೋಗವನ್ನು ಏಜೆಂಟರಿಗೆ ಬಾಯಿಬಿಟ್ಟು ಹೇಳಿ, ಅವರು ಏನು ಹೇಳ್ತಾರೋ ಅದನ್ನು ಬರವಣಿಗೆಯಲ್ಲಿ ಕೇಳಿ.

ಕೊನೆಗೆ "ನಾನು ಯಾವುದು ಮಾಡಿಸಲಿ" ಎಂದು ಕೇಳುವಿರಿ. ಮೂರು ವರ್ಷದೊಳಗಿನ ಗಾಡಿ ಅಥವಾ ಸಾಲದ ಗಾಡಿ ಆದರೆ ಫುಲ್, ಪಿಎ, ಕೈಲಾದರೆ ಜೀರೋ ಡೆಪ್. ಅದರ ನಂತರ ಫುಲ್ ಮತ್ತು ಪಿಎ. ಹದಿನೈದು ವರ್ಷದ ಹಳೇ ಗಾಡಿ, ಒಬ್ಬನೇ ಗದ್ದೆಗೆ ಹೋಗಿ ಬರೂದು, ಹಿಂದೆ ಯಾರೂ ಕೂರುವುದಿಲ್ಲ ಎಂದಾದರೆ ಥರ್ಡ್ ಪಾರ್ಟಿ ಮತ್ತು ಪಿಎ ಸಾಕು. ಪಿಎ ಮಾತ್ರ ಯಾರೂ ಬಿಡಬೇಡಿ.

ಪ್ರತಿ ಸೋಮವಾರ ನಾನು ಸಂಘದ ಕಚೇರಿಯಲ್ಲಿ ಇರ್ತೇನೆ. ಆರ್‌ಸಿ, ಲೈಸೆನ್ಸ್, ಪಾಲಿಸಿ ಮೂರೂ ತನ್ನಿ, ಕಾರ್ಯದರ್ಶಿಯವರ ಸಂಗಡ ಕೂತು ನೋಡೋಣ. ಮೊಬೈಲಿನಲ್ಲಿ ಇದ್ದರೆ ಒಂದು ಪ್ರಿಂಟ್ ತೆಗೆಸಿ ತನ್ನಿ, ಮನೆಯವರಿಗೂ ಅದು ಎಲ್ಲಿ ಇಟ್ಟಿದ್ದೀರಿ ಎಂದು ಹೇಳಿಡಿ. ಅಕ್ಷರ ಬಹಳ ಸಣ್ಣ ಇರ್ತದೆ, ಕನ್ನಡಕ ಇದ್ದವರು ಮರೆಯದೆ ತನ್ನಿ.