ನಮ್ಮೂರ ನಾಟಕ: ಪಾತ್ರ ಯಾರಿಗೆ?

ಮಂಡ್ಯ ಸೀಮೆಯ ಹಳ್ಳಿ ನಾಟಕಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ. ಮದ್ದೂರು, ಮಳವಳ್ಳಿ ನಡುವಿನ ಒಂದು ಹಳ್ಳಿಯ ರೈತ. ಮುಖಕ್ಕೆ ಬಣ್ಣ ಹಚ್ಚಿದವನು. ಕಂಡದ್ದನ್ನೇ ಹೇಳುತ್ತೇನೆ.

ನಮ್ಮ ಕಡೆ ನಾಟಕವೆಂದರೆ ಮೊದಲು ಬಾಯಿಗೆ ಬರುವುದು 'ಕುರುಕ್ಷೇತ್ರ'. ಸುಗ್ಗಿ ಮುಗಿಯುತ್ತಲೇ ನಾಟಕದ ಮೇಷ್ಟ್ರು ಹಾರ್ಮೋನಿಯಂ ಸಮೇತ ಬರುತ್ತಿದ್ದರು. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರು ರಾತ್ರಿ ಕೂತು ಮಟ್ಟು ಕಲಿಯುತ್ತಿದ್ದರು. ಅಕ್ಷರ ಬಾರದವರೂ ಕೇಳಿ ಕೇಳಿಯೇ ಇಡೀ ಪಾತ್ರವನ್ನು ಬಾಯಿಪಾಠ ಮಾಡುತ್ತಿದ್ದರು. ಮೂರು ನಾಲ್ಕು ತಿಂಗಳ ತಾಲೀಮು, ಬಾಡಿಗೆಯ ಸೀನರಿ, ಬೆಳಕು ಹರಿಯುವವರೆಗೆ ಆಟ.

ಇದರ ಹಿಂದೆ ದೊಡ್ಡ ಪರಂಪರೆಯಿದೆ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರರ ಹೆಸರಿನಲ್ಲಿ ಹುಟ್ಟಿದ ನಾಟಕ ಸಂಘವು ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾಯಿತು. ಅಂಥ ಕಂಪನಿಗಳ ಹಾಡುಗಳೇ ನಮ್ಮ ಹಳ್ಳಿಗಳಿಗೂ ಇಳಿದವು. ಶಿಕ್ಷಣ ಸಚಿವರಾಗಿದ್ದ ಮಂಡ್ಯದ ಕೆ.ವಿ. ಶಂಕರಗೌಡರು ಸ್ವತಃ ರಂಗನಟರಾಗಿದ್ದರು.

ಇಷ್ಟೆಲ್ಲ ಹೆಮ್ಮೆಯ ನಡುವೆ ಒಂದು ನೋವೂ ಇದೆ. ಹಳ್ಳಿ ನಾಟಕದ ಖರ್ಚು ಪಾತ್ರಧಾರಿಗಳ ಮೇಲೆಯೇ ಬೀಳುತ್ತದೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಎಂದು ಹಣ ಕಟ್ಟಬೇಕು. ಕಟ್ಟಿದವನಿಗೆ ಕಿರೀಟ. ನಮ್ಮಪ್ಪ ಒಂದು ಜೊತೆ ಹೋರಿ ಮಾರಿ ನನಗೆ ಕೃಷ್ಣನ ಪಾತ್ರ ಕೊಡಿಸಿದರು. ಆಗ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಹುಡುಗನೊಬ್ಬ ತಾಲೀಮಿನ ಮನೆಯ ಹೊರಗೆ ನಿಂತೇ ಎಲ್ಲ ಹಾಡುಗಳನ್ನೂ ಕಲಿತಿದ್ದ. ಶ್ರುತಿ ತಪ್ಪದ ಕಂಠ. ಮೇಷ್ಟ್ರು ಒಂದು ದಿನ, 'ನಿನಗಿಂತ ಅವನೇ ವಾಸಿ ಕಣಪ್ಪ' ಎಂದುಬಿಟ್ಟರು. ಆದರೂ ಆಟದ ದಿನ ಅವನಿಗೆ ಸಿಕ್ಕಿದ್ದು ಪರದೆ ಎಳೆಯುವ ಹಗ್ಗ. ಅವನ ಕೇರಿಯವರು ದೂರದಲ್ಲಿ ಕೂತು ನೋಡಿದರು. ನಾನು ತುಟಿ ಬಿಚ್ಚಲಿಲ್ಲ.

ದ್ರೌಪದಿಗೆ ಹೊರಗಿನಿಂದ ಕಲಾವಿದೆಯನ್ನು ಕರೆಸಿದ್ದೆವು. ರಾತ್ರಿ ಆಕೆಯ ಹಾಡಿಗೆ 'ಒನ್ಸ್ ಮೋರ್' ಕೂಗಿದವರೇ ಬೆಳಿಗ್ಗೆ ಆಕೆಯ ಬಗ್ಗೆ ಹಗುರವಾಗಿ ಆಡಿಕೊಂಡರು. ನಮ್ಮ ಮನೆಯ ಹೆಣ್ಣುಮಕ್ಕಳು ರಂಗ ಹತ್ತುವ ಮಾತಂತೂ ಇರಲೇ ಇಲ್ಲ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಥೆಯಲ್ಲಿ ಮಂಟೇಸ್ವಾಮಿಯವರು ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾರೆ. ಒಳಗೆ ಜಂಗಮ ವೇಷದವರಿಗೆ ದಾಸೋಹ, ಇವರಿಗೆ ಬಾಗಿಲಲ್ಲೇ ತಡೆ. ಕೊನೆಗೆ ಬಸವಣ್ಣನವರೇ ಹೊರಗೆ ಬಂದು ಗುರುತಿಸಬೇಕಾಯಿತು. ಆ ಹಾಡು ಕೇಳಿದಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ನಮ್ಮ ಬಾಗಿಲಲ್ಲೂ ಒಬ್ಬ ನಿಂತಿದ್ದ. ಕೊರಳಲ್ಲಿ ಲಿಂಗವಿದ್ದ ನಾವು ಯಾರೂ ಎದ್ದು ಹೊರಗೆ ಹೋಗಲಿಲ್ಲ.

ಬೇರೆ ದಾರಿಯಿದೆ ಎಂಬುದನ್ನು ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ತೋರಿಸಿದ್ದಾರೆ. 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ, 2008ರಲ್ಲಿ ರಂಗಶಾಲೆ ಕಟ್ಟಿದರು. ಅಲ್ಲಿ ಯುವಕ ಯುವತಿಯರು ಒಟ್ಟಿಗೆ ಕಲಿಯುತ್ತಾರೆ. ಶಿವಸಂಚಾರದ ತಂಡ ಪ್ರತಿವರ್ಷ ಹೊಸ ನಾಟಕಗಳೊಂದಿಗೆ ನಾಡು ಸುತ್ತುತ್ತದೆ. 2019ರ ಆಗಸ್ಟ್‌ನಲ್ಲಿ 'ಮತ್ತೆ ಕಲ್ಯಾಣ' ಜಿಲ್ಲೆ ಜಿಲ್ಲೆಗೆ ಹೋದಾಗ ವಚನ ಸಂವಾದದ ಜೊತೆಗೆ ನಾಟಕವೂ ಹೋಯಿತು.

'ಕುರುಕ್ಷೇತ್ರ' ಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮ ರಕ್ತದಲ್ಲಿದೆ. ಆದರೆ ಮುಂದಿನ ಬಸವ ಜಯಂತಿಗೆ ಒಂದೊಂದು ಊರಿನಲ್ಲಿ ಒಂದೊಂದು ಶರಣರ ನಾಟಕ ಆಡೋಣ. ಪಾತ್ರಕ್ಕೆ ಹಣ ಬೇಡ. ಖರ್ಚನ್ನು ದಾಸೋಹದಂತೆ ಊರೇ ಹೊರಲಿ. ಕಂಠ ಇದ್ದವರಿಗೆ ಪಾತ್ರ ಸಿಗಲಿ, ಯಾವ ಕೇರಿಯವರಾದರೂ ಸರಿ. ಅಕ್ಕಮಹಾದೇವಿಯ ಪಾತ್ರಕ್ಕೆ ನಮ್ಮ ಮನೆಯ ಮಗಳೇ ಬರಲಿ. ಆಟ ಮುಗಿದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸೋಣ.

ನನ್ನ ಮೊಮ್ಮಗಳು ಈಗಾಗಲೇ ಹೆಸರು ಕೊಟ್ಟಿದ್ದಾಳೆ. ಆ ಹುಡುಗ ಈಗ ಮುದುಕ, ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾನೆ. ಮಕ್ಕಳಿಗೆ ಹಾಡು ಕಲಿಸಲು ಬಾರಪ್ಪ ಎಂದು ಕೇಳಲು ಬರುವ ವಾರ ನಾನೇ ಹೋಗುತ್ತಿದ್ದೇನೆ. ಬರುವುದು, ಬಿಡುವುದು ಅವನ ಮನಸ್ಸು. ಹೋಗಿ ಕೇಳಬೇಕಾದದ್ದು ನನ್ನ ಸಾಲ.